ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ: ಆಸ್ತಿಯ ಗುಣಮಟ್ಟ ಅಳೆಯುವುದು ಹೇಗೆ?

ಮೂವತ್ತು ನಲವತ್ತು ವರ್ಷ ಅಂಗಡಿ ನಡೆಸಿದವರಿಗೂ ಗಲ್ಲಾಪೆಟ್ಟಿಗೆಯ ಮುಂದಿನಿಂದ ಏಳುವ ಕಾಲ ಬರುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುತ್ತಾರೆ. ಸರಕು ಮಾರಿ, ಬಾಕಿ ವಸೂಲಾಗಿ, ಕೈಗೆ ಒಂದು ದೊಡ್ಡ ಮೊತ್ತ ಸೇರುತ್ತದೆ. ಆಗ ನೆಂಟರಿಷ್ಟರೆಲ್ಲ ಹೇಳುವುದು ಒಂದೇ ಮಾತು: "ಒಂದು ಮನೆ ತೆಗೆದುಕೊಂಡು ಬಾಡಿಗೆಗೆ ಬಿಡಿ. ತಿಂಗಳಾದರೆ ಬಾಡಿಗೆ ಬರುತ್ತದೆ, ಆಸ್ತಿಯೂ ಉಳಿಯುತ್ತದೆ."

ಈ ಸಲಹೆ ತಪ್ಪಲ್ಲ. ಆದರೆ ಆ ಹಣ ಗಂಡ ಹೆಂಡತಿ ಇಬ್ಬರ ಮುಂದಿನ ಇಪ್ಪತ್ತು ವರ್ಷದ ಊಟ, ಔಷಧಿ, ಆಸ್ಪತ್ರೆಯ ಖರ್ಚಿನ ಹಣ. ಅದು ಸಿಕ್ಕಿಬಿದ್ದರೆ ಮತ್ತೆ ದುಡಿದು ತುಂಬುವ ವಯಸ್ಸು ಇರುವುದಿಲ್ಲ. ಹೀಗಿದ್ದೂ ಒಂದು ಸೋಜಿಗ ನಡೆಯುತ್ತಲೇ ಇರುತ್ತದೆ. ಕಾಳಿನ ಚೀಲದ ತಳಕ್ಕೆ ಕೈ ಹಾಕಿ ನೋಡದೆ ಒಂದು ಕ್ವಿಂಟಲ್ ಖರೀದಿಸದ ವ್ಯಾಪಾರಿ, ಬಟ್ಟೆಯ ಥಾನು ಪೂರ್ತಿ ಬಿಚ್ಚಿಸಿ ನೋಡುವ ವ್ಯಾಪಾರಿ, ಅರವತ್ತು ಲಕ್ಷದ ಮನೆಯನ್ನು ಅರ್ಧ ಗಂಟೆಯಲ್ಲಿ ನೋಡಿ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಟೈಲ್ಸ್ ಹೊಳೆಯುತ್ತಿತ್ತು, ಬಣ್ಣ ಹೊಸದಾಗಿತ್ತು, ದಲ್ಲಾಳಿ ಪರಿಚಯದವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಗೊತ್ತಿದ್ದವರೂ ಇಲ್ಲಿ ಮರೆಯುತ್ತಾರೆ.

ತಾವೇ ವಾಸಿಸುವ ಮನೆಯ ಗುಣಮಟ್ಟ ಬೇರೆ, ಬಾಡಿಗೆಗೆ ಕೊಳ್ಳುವ ಮನೆಯ ಗುಣಮಟ್ಟ ಬೇರೆ. ವಾಸದ ಮನೆ ಮನಸ್ಸಿಗೆ ಹಿಡಿಸಬೇಕು. ಬಾಡಿಗೆ ಮನೆ ಎರಡು ಕೆಲಸ ಮಾಡಬೇಕು: ಖರ್ಚು ಕಳೆದು ಕೈಗೆ ಹಣ ಉಳಿಸಬೇಕು, ಕಷ್ಟ ಬಂದ ದಿನ ತಕರಾರಿಲ್ಲದೆ ಮಾರಾಟವಾಗಬೇಕು. ಈ ಎರಡನ್ನೂ ಮಾಡುವ ಮನೆಯೇ ಉತ್ತಮ ಗುಣಮಟ್ಟದ ಮನೆ. ಅದನ್ನು ಅಳೆಯಲು ನಾಲ್ಕು ಪರೀಕ್ಷೆಗಳಿವೆ: ಕಾಗದ, ಕಟ್ಟಡ, ಜಾಗ, ಲೆಕ್ಕ. ಮೊದಲನೆಯದರಲ್ಲಿ ಸೋತ ಮನೆಗೆ ಉಳಿದ ಮೂರು ಪರೀಕ್ಷೆ ಬೇಕಿಲ್ಲ.

1. ಕಾಗದದ ಪರೀಕ್ಷೆ

ಮೊದಲು ಕೇಳಬೇಕಾದದ್ದು ಮೂಲ ಕ್ರಯಪತ್ರ ಮತ್ತು ಅದರ ಹಿಂದಿನ ಪತ್ರಗಳ ಸರಣಿ. ಈಗಿನ ಮಾಲೀಕರಿಗೆ ಆಸ್ತಿ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಕನಿಷ್ಠ 30 ವರ್ಷ ಹಿಂದಕ್ಕೆ ಹೋಗಿ ನೋಡುವುದು ವಕೀಲರ ವಾಡಿಕೆ. ನಡುವೆ ಒಂದು ಕೊಂಡಿ ಕಳಚಿದ್ದರೂ ಅಲ್ಲಿಯೇ ನಿಲ್ಲಬೇಕು.

ಎರಡನೆಯದು ಋಣಭಾರ ಪತ್ರ, ಅಂದರೆ ಇಸಿ. 2004ರ ಏಪ್ರಿಲ್‌ನಿಂದ ಈಚಿನ ನೋಂದಣಿಗಳ ಇಸಿಯನ್ನು ಕಾವೇರಿ ಆನ್‌ಲೈನ್‌ನಲ್ಲಿ ಮನೆಯಲ್ಲೇ ಕುಳಿತು ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ವ್ಯವಹಾರಗಳಿದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16 ಸಿಗುತ್ತದೆ. ಆದರೆ ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲುಪಟ್ಟಿ ಅದರಲ್ಲಿ ಕಾಣುವುದಿಲ್ಲ. ನ್ಯಾಯಾಲಯದ ದಾವೆಯೂ ಅದರಲ್ಲಿ ಕಾಣದೇ ಇರಬಹುದು. ಇಸಿ ಶುದ್ಧವಾಗಿದೆ ಎಂದ ಮಾತ್ರಕ್ಕೆ ಆಸ್ತಿ ಶುದ್ಧವಾಯಿತು ಎಂದಲ್ಲ.

ಮೂರನೆಯದು ಖಾತಾ. ನಗರಗಳಲ್ಲಿ ಈಗ ನೋಂದಣಿಗೆ ಇ–ಖಾತಾ ಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ–ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ನೋಡಬೇಕು. ನಮೂನೆ 11ಬಿ ಎಂದಿದ್ದರೆ ಆ ಜಾಗ ಅನುಮೋದಿತ ಬಡಾವಣೆಯದೇ ಎಂದು ವಕೀಲರಲ್ಲಿ ಕೇಳದೆ ಮುಂದುವರಿಯಬಾರದು. ಪಟ್ಟಣಗಳ ಬಿ–ಖಾತಾ ವಿಷಯದಲ್ಲೂ ಇದೇ ಎಚ್ಚರ ಬೇಕು. ಖಾತಾ ಎಂಬುದು ತೆರಿಗೆಗಾಗಿ ಇಡುವ ದಾಖಲೆಯೇ ಹೊರತು ಮಾಲೀಕತ್ವದ ಪತ್ರವಲ್ಲ. "ಖಾತಾ ಇದೆಯಲ್ಲ, ಮತ್ತೇನು" ಎಂಬ ಮಾತಿಗೆ ಬೆಲೆ ಕೊಡಬೇಕಿಲ್ಲ.

ನಾಲ್ಕನೆಯದು ಭೂಮಿಯ ಹಿನ್ನೆಲೆ. ಹೊಲವಾಗಿದ್ದ ಜಾಗವಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಪ್ರಕಾರ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿದೆಯೇ ಎಂದು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿತ್ತೇ ಎಂಬುದೂ ಮುಖ್ಯ. ಅಂಥ ಜಮೀನನ್ನು ಅನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ (ಪಿಟಿಸಿಎಲ್) ನಿಷೇಧಿಸುತ್ತದೆ. ಮೂರನೆಯವರ ಕೈಗೆ ಹೋಗಿದ್ದರೂ ಅದು ಮೂಲದವರಿಗೆ ಮರಳಬಹುದು.

ಐದನೆಯದು ಸಹಿ. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿ ಬಿಟ್ಟುಹೋಗುವುದು ಎಲ್ಲಕ್ಕಿಂತ ಸಾಮಾನ್ಯವಾದ ದೋಷ. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲಿ, ಕೇಂದ್ರ ಸರ್ಕಾರ 2005ರಲ್ಲಿ ತಿದ್ದುಪಡಿ ತಂದು ಮಗಳಿಗೂ ಹುಟ್ಟಿನಿಂದ ಸಮಪಾಲು ಕೊಟ್ಟಿವೆ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತಷ್ಟು ಸ್ಪಷ್ಟಪಡಿಸಿತು. "ತಂಗಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಎಂದು ಮಾರುವವರು ಹೇಳಿದರೆ, ಆ ತಂಗಿಯ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ತೋರಿಸಲಿ, ಇಲ್ಲವೇ ಅವರೇ ಬಂದು ಕ್ರಯಪತ್ರಕ್ಕೆ ಸಹಿ ಹಾಕಲಿ. ಕರಾವಳಿಯಲ್ಲಿ ಅಳಿಯಸಂತಾನ ಪದ್ಧತಿಯ ಹಳೆಯ ಕುಟುಂಬದ ಆಸ್ತಿಯಾದರೆ ಪಾಲುದಾರರ ಪಟ್ಟಿಯೇ ಬೇರೆ. ಅದನ್ನು ಅಲ್ಲಿನ ವಕೀಲರೇ ನೋಡಬೇಕು.

ಕಟ್ಟಡದ ಕಾಗದ ಎಂದರೆ ಮಂಜೂರಾದ ನಕ್ಷೆ ಮತ್ತು ಸ್ವಾಧೀನಾನುಭವ ಪತ್ರ (ಓಸಿ). ನಕ್ಷೆಯಲ್ಲಿ ಎರಡು ಮಹಡಿ, ಸ್ಥಳದಲ್ಲಿ ಮೂರು ಮಹಡಿ ಇರುವ ಮನೆಗಳು ಪ್ರತಿ ಊರಿನಲ್ಲೂ ಇವೆ. ನಕ್ಷೆಯಲ್ಲಿ ಇಲ್ಲದ ಮಹಡಿಯ ಬಾಡಿಗೆ ನಂಬಿ ಕೊಂಡರೆ, ಮುಂದೆ ಬ್ಯಾಂಕ್ ಸಾಲ ಬೇಕಾದಾಗ ಅಥವಾ ಮಾರುವಾಗ ಆ ಮಹಡಿಗೆ ಬೆಲೆ ಸಿಗುವುದು ಕಷ್ಟ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಓಸಿ ಇಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಹೇಳಿದ ಮೇಲೆ, ರಾಜ್ಯದಲ್ಲಿ ಅನೇಕರ ಹೊಸ ಮೀಟರ್ ಅರ್ಜಿಗಳು ನಿಂತವು. ಆಮೇಲೆ ಮೀಟರ್ ಹಾಕಿಸಿಕೊಳ್ಳೋಣ ಎಂಬ ಭರವಸೆಯ ಮೇಲೆ ಮನೆ ಕೊಳ್ಳುವುದು ಸರಿಯಲ್ಲ.

ಹೊಸ ಅಪಾರ್ಟ್‌ಮೆಂಟ್ ಆದರೆ ರೇರಾ ನೋಂದಣಿ ಸಂಖ್ಯೆ ಕೇಳಬೇಕು. ಜಾಗ 500 ಚದರ ಮೀಟರ್ ಮೀರದ ಅಥವಾ ಮನೆಗಳು ಎಂಟನ್ನು ಮೀರದ ಸಣ್ಣ ಯೋಜನೆಗಳಿಗೆ ಮಾತ್ರ ವಿನಾಯಿತಿ ಇದೆ. ರೇರಾ ಕಾಯ್ದೆಯಂತೆ ನೋಂದಾಯಿತ ಕರಾರು ಮಾಡಿಕೊಳ್ಳದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಮನೆ ಒಪ್ಪಿಸಿದ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಫ್ಲ್ಯಾಟ್‌ಗೆ ಸೇರಿದ ಭೂಮಿಯ ಅವಿಭಜಿತ ಪಾಲು ಎಷ್ಟು ಎಂಬುದನ್ನೂ ಪತ್ರದಲ್ಲಿ ನೋಡಬೇಕು. ಕಟ್ಟಡ ಹಳೆಯದಾಗುತ್ತದೆ, ಬೆಲೆ ಬೆಳೆಯುವುದು ಆ ಭೂಮಿಗೆ.

ವಕೀಲರನ್ನು ಕೊಳ್ಳುವವರೇ ಆರಿಸಬೇಕು. ಮಾರುವವರ ಅಥವಾ ದಲ್ಲಾಳಿಯ ವಕೀಲರ ಅಭಿಪ್ರಾಯವನ್ನು ನಂಬಿ ಅಡ್ವಾನ್ಸ್ ಕೊಡಬಾರದು. ಸಾಲ ಬೇಕಿಲ್ಲದಿದ್ದರೂ ಬ್ಯಾಂಕಿನಲ್ಲಿ ಒಂದು ಸಣ್ಣ ಸಾಲಕ್ಕೆ ಅರ್ಜಿ ಹಾಕಿ ನೋಡುವ ಜಾಣರಿದ್ದಾರೆ. ಬ್ಯಾಂಕಿನ ವಕೀಲರು ತಿರಸ್ಕರಿಸಿದ ಕಾಗದವನ್ನು ನಾಳೆ ಮತ್ತೊಬ್ಬ ಖರೀದಿದಾರರೂ ತಿರಸ್ಕರಿಸುತ್ತಾರೆ.

2. ಕಟ್ಟಡದ ಪರೀಕ್ಷೆ

ಬೇಸಿಗೆಯಲ್ಲಿ ಎಲ್ಲ ಮನೆಗಳೂ ಚೆನ್ನಾಗಿ ಕಾಣುತ್ತವೆ. ಸಾಧ್ಯವಾದರೆ ಒಂದು ಮಳೆಗಾಲ ಕಂಡ ಮೇಲೆ, ಇಲ್ಲವೇ ಜೋರು ಮಳೆ ಬಂದ ಮರುದಿನ ಹೋಗಿ ನೋಡಬೇಕು. ರಸ್ತೆಯ ನೀರು ಎತ್ತ ಹರಿಯುತ್ತದೆ, ಮೋರಿ ತುಂಬಿ ಹಿಂದಕ್ಕೆ ಬರುತ್ತದೆಯೇ, ತಾರಸಿಯಲ್ಲಿ ನೀರು ನಿಲ್ಲುತ್ತದೆಯೇ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ.

ಬಿರುಕುಗಳೆಲ್ಲ ಒಂದೇ ಅಲ್ಲ. ಗಾರೆಯ ಮೇಲೆ ಕೂದಲೆಳೆಯಂಥ ಗೆರೆಗಳಿಂದ ಭಯವಿಲ್ಲ. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು, ಗೋಡೆಯ ಎರಡೂ ಬದಿ ಕಾಣುವ, ನಾಣ್ಯದ ಅಂಚು ಒಳಹೋಗುವಷ್ಟು ಅಗಲದ ಬಿರುಕು ಇದ್ದರೆ ಅಡಿಪಾಯ ಕುಸಿದಿರುವ ಸಂಶಯ ಪಡಬೇಕು. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅಲ್ಲಿ ಆಳವಾದ ಸರಿಯಾದ ಅಡಿಪಾಯ ಹಾಕದ ಮನೆಗೆ ಇಂಥ ಬಿರುಕು ವರ್ಷ ವರ್ಷವೂ ತೆರೆಯುತ್ತದೆ. ಎಷ್ಟು ಸಲ ಗಾರೆ ಮೆತ್ತಿದರೂ ನಿಲ್ಲುವುದಿಲ್ಲ.

ಚಾವಣಿಯಲ್ಲಿ ಕಂದು ಕಲೆ ಮೂಡಿದ್ದರೆ, ಕಾಂಕ್ರೀಟ್ ಚಕ್ಕೆ ಎದ್ದಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿದೆ ಎಂದು ಅರ್ಥ. ಸಮುದ್ರದ ಉಪ್ಪುಗಾಳಿ ಬೀಸುವ ಮಂಗಳೂರು, ಉಡುಪಿ, ಕಾರವಾರದ ಕಡೆ ಇದು ಬೇಗ ಆಗುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಪುಡಿಯಾಗಿ ಉದುರುತ್ತಿದ್ದರೆ ನೆಲದ ತೇವ ಮೇಲೇರುತ್ತಿದೆ. ಮನೆಯ ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ, ಒಂದೇ ಕೋಣೆಗೆ ಮಾತ್ರ ಹೊಸ ಫಾಲ್ಸ್ ಸೀಲಿಂಗ್ ಇದ್ದರೆ ಅದರ ಹಿಂದೆ ಏನಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನೀರನ್ನು ಹರಿಸಿಯೇ ನೋಡಬೇಕು. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತೆರೆದು ಮೇಲಿನ ಮಹಡಿಯ ನೀರಿನ ಒತ್ತಡ ನೋಡುವುದು, ಬಚ್ಚಲಿಗೆ ಎರಡು ಬಕೆಟ್ ನೀರು ಸುರಿದು ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಎಂದು ನೋಡುವುದು, ಆಮೇಲೆ ಕೆಳಗಿನ ಮನೆಗೆ ಹೋಗಿ ಅವರ ಬಚ್ಚಲಿನ ಚಾವಣಿ ನೋಡುವುದು. ಫ್ಲ್ಯಾಟ್‌ಗಳಲ್ಲಿ ನೆರೆಯವರ ಜಗಳಕ್ಕೆ ಈ ಸೋರಿಕೆಯೇ ದೊಡ್ಡ ಕಾರಣ.

ಸಂಪಿನ ಲೆಕ್ಕವನ್ನು ಹೆಚ್ಚಿನವರು ಹಾಕುವುದೇ ಇಲ್ಲ. ಹುಬ್ಬಳ್ಳಿ–ಧಾರವಾಡದ ಅನೇಕ ವಾರ್ಡುಗಳಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ, ಕೆಲವು ದಿನಗಳಿಗೊಮ್ಮೆ ಬರುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಭಾರತೀಯ ಮಾನಕದ ಲೆಕ್ಕ. ಮೂರು ಪೋರ್ಶನ್, ಒಟ್ಟು 12 ಜನ ಇದ್ದರೆ ದಿನಕ್ಕೆ 1,620 ಲೀಟರ್ ಬೇಕು. ಉದ್ದ 8 ಅಡಿ, ಅಗಲ 6 ಅಡಿ, ಆಳ 5 ಅಡಿಯ ಸಂಪಿನಲ್ಲಿ ಹಿಡಿಯುವುದು ಸುಮಾರು 6,800 ಲೀಟರ್. ಅದು ನಾಲ್ಕು ದಿನಕ್ಕೆ ಸಾಕು. ನೀರು ಆರು ದಿನಕ್ಕೊಮ್ಮೆ ಬರುವ ಓಣಿಯಾದರೆ ಪ್ರತಿ ಸಲವೂ ಎರಡು ದಿನ ಟ್ಯಾಂಕರ್ ತರಿಸಬೇಕು. ಬೋರ್‌ವೆಲ್ ಇದೆ ಎಂದರೆ ಅದರ ನೀರು ಏಪ್ರಿಲ್‌ನಲ್ಲಿಯೂ ಬರುತ್ತದೆಯೇ ಎಂದು ಪಕ್ಕದ ಮನೆಯವರನ್ನು ಕೇಳಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳ ಬೋರ್‌ವೆಲ್ ಒಣಗಿ, ಟ್ಯಾಂಕರ್ ನೀರಿನ ಖರ್ಚು ತಾಳಲಾರದೆ ಬಾಡಿಗೆದಾರರು ಮನೆ ಬದಲಿಸಿದ್ದನ್ನು ಮರೆಯುವಂತಿಲ್ಲ.

ವಿದ್ಯುತ್ತಿನಲ್ಲಿ ಮುಖ್ಯವಾದದ್ದು ಪ್ರತಿ ಪೋರ್ಶನ್‌ಗೂ ಬೇರೆ ಮೀಟರ್. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಇದರ ಬೆಲೆ ಹೆಚ್ಚಾಗಿದೆ. ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಯೋಜನೆಯ ಲಾಭ ಪಡೆಯಬಹುದು, ಆದರೆ ಅದಕ್ಕೆ ಅವರ ಮನೆಗೆ ಪ್ರತ್ಯೇಕ ಮೀಟರ್ ಬೇಕು. ಒಂದೇ ಮೀಟರ್‌ನಿಂದ ಮೂರು ಮನೆಗೆ ಸಬ್ ಮೀಟರ್ ಹಾಕಿದ ಕಡೆ ಒಳ್ಳೆಯ ಬಾಡಿಗೆದಾರರು ಬರಲು ಹಿಂಜರಿಯುತ್ತಾರೆ. ಅರ್ಥಿಂಗ್ ಸರಿಯಿದೆಯೇ, ಹಳೆಯ ವೈರಿಂಗ್ ಬದಲಿಸಿದ್ದಾರೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಬೇಕು.

ಹತ್ತು ವರ್ಷ ಮೀರಿದ ಕಟ್ಟಡವಾದರೆ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದೊಯ್ಯಬೇಕು. ಅವರಿಗೆ ಕೊಡುವ ಕೆಲವು ಸಾವಿರ ರೂಪಾಯಿ ವ್ಯರ್ಥವಲ್ಲ. ಅವರು ಬರೆದುಕೊಟ್ಟ ದುರಸ್ತಿಯ ಪಟ್ಟಿಯೇ ಚೌಕಾಸಿಗೆ ಆಧಾರವಾಗುತ್ತದೆ.

3. ಜಾಗದ ಪರೀಕ್ಷೆ: ಬಾಡಿಗೆದಾರ ಯಾರು?

"ಇಲ್ಲಿ ಮುಂದೆ ಮೆಟ್ರೋ ಬರುತ್ತದೆ, ರಿಂಗ್ ರೋಡ್ ಬರುತ್ತದೆ" ಎಂಬುದು ಮುಂದಿನ ಮಾತು. ಬಾಡಿಗೆ ಬೇಕಾಗಿರುವುದು ಈ ತಿಂಗಳಿನಿಂದ. ಹಾಗಾಗಿ ಈ ಮನೆಗೆ ಬರುವ ಬಾಡಿಗೆದಾರ ಯಾರು, ಅವರು ಎಲ್ಲಿ ಕೆಲಸ ಮಾಡುತ್ತಾರೆ, ಅವರ ಸಂಬಳದಲ್ಲಿ ಎಷ್ಟು ಬಾಡಿಗೆ ಕೊಡಬಲ್ಲರು ಎಂದು ಮೊದಲು ಬರೆದುಕೊಳ್ಳಬೇಕು. ಶಾಲೆ, ಆಸ್ಪತ್ರೆ, ಬಸ್ಸು ಹತ್ತಿರವಿರುವ ಹಳೆಯ ಬಡಾವಣೆಯ ಸಾಧಾರಣ ಮನೆಗೆ ಶಿಕ್ಷಕರು, ಬ್ಯಾಂಕ್ ನೌಕರರು, ನರ್ಸ್‌ಗಳು ಬಂದು ನಾಲ್ಕೈದು ವರ್ಷ ಉಳಿಯುತ್ತಾರೆ. ಊರ ಹೊರಗಿನ ದೊಡ್ಡ ಚೆಂದದ ಮನೆ ಆರು ತಿಂಗಳು ಖಾಲಿ ಇರಬಹುದು.

ಒಂದೇ ಕಾಲೇಜು ಅಥವಾ ಒಂದೇ ಕಂಪನಿಯನ್ನು ನಂಬಿದ ಜಾಗದಲ್ಲಿ ಅಪಾಯ ಹೆಚ್ಚು. 2020ರಲ್ಲಿ ಕೋವಿಡ್ ಬಂದು ಐಟಿ ಕಂಪನಿಗಳು ಮನೆಯಿಂದ ಕೆಲಸ ಶುರುಮಾಡಿದಾಗ ಬೆಂಗಳೂರಿನ ಐಟಿ ಪ್ರದೇಶಗಳಲ್ಲಿ ಪಿಜಿಗಳೂ ಮನೆಗಳೂ ಸಾಲಾಗಿ ಖಾಲಿಯಾದವು. ಬಾಡಿಗೆಯಿಂದಲೇ ಕಂತು ಕಟ್ಟುತ್ತಿದ್ದವರು ಆಗ ಪಟ್ಟ ಪಾಡು ಸಣ್ಣದಲ್ಲ.

ಜಾಗದ ಸತ್ಯ ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಆ ಓಣಿಯಲ್ಲಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನಡೆದು "ಮನೆ ಬಾಡಿಗೆಗೆ ಇದೆ" ಎಂಬ ಬೋರ್ಡ್ ಎಷ್ಟಿವೆ ಎಂದು ಎಣಿಸುವುದು, ಮೂಲೆಯ ಕಿರಾಣಿ ಅಂಗಡಿಯವರನ್ನು ಮಾತನಾಡಿಸುವುದು ಸಾಕು. ಮನೆಯಲ್ಲಿ ಈಗಿರುವ ಬಾಡಿಗೆದಾರರೊಂದಿಗೆ, ಮಾಲೀಕರಾಗಲಿ ದಲ್ಲಾಳಿಯಾಗಲಿ ಎದುರಿಗಿಲ್ಲದಾಗ, ಹತ್ತು ನಿಮಿಷ ಮಾತನಾಡಬೇಕು. ಎಷ್ಟು ವರ್ಷದಿಂದ ಇದ್ದಾರೆ, ಬಾಡಿಗೆ ಎಷ್ಟು, ನೀರಿನ ಸ್ಥಿತಿ ಹೇಗೆ, ಹಿಂದಿನವರು ಏಕೆ ಬಿಟ್ಟರು ಎಂದು ಕೇಳಬೇಕು. ಮಾಲೀಕರು ಹೇಳುವ ಬಾಡಿಗೆಗೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದು ವರ್ಷದ ಜಮೆ ತೋರಿಸಲು ಕೇಳುವುದು ಅವಮಾನದ ಮಾತಲ್ಲ.

ಭೋಗ್ಯದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮನೆಯಲ್ಲಿರುವವರು 5 ಲಕ್ಷ ಭೋಗ್ಯ ಕೊಟ್ಟು ಬಾಡಿಗೆ ಇಲ್ಲದೆ ಇದ್ದರೆ, ಆ 5 ಲಕ್ಷ ಮರಳಿಸುವ ಹೊಣೆ ಹೊಸ ಮಾಲೀಕರ ತಲೆಗೆ ಬರುತ್ತದೆ. ನೋಂದಣಿಯಾಗದ ಭೋಗ್ಯ ಇಸಿಯಲ್ಲಿ ಕಾಣುವುದಿಲ್ಲ. ಬಾಡಿಗೆದಾರರು ಕೊಟ್ಟಿರುವ ಅಡ್ವಾನ್ಸ್‌ ಕಥೆಯೂ ಇದೇ. ಎರಡನ್ನೂ ಕ್ರಯದ ಮೊತ್ತದಲ್ಲಿ ಕಳೆದು ಪತ್ರದಲ್ಲಿ ಬರೆಸಬೇಕು.

4. ಲೆಕ್ಕದ ಪರೀಕ್ಷೆ

ಇಲ್ಲಿ ಒಂದು ಉದಾಹರಣೆ ನೋಡಬಹುದು. ಮಧ್ಯಮ ಗಾತ್ರದ ಒಂದು ಊರಿನಲ್ಲಿ 60 ಲಕ್ಷಕ್ಕೆ ಎರಡು ಆಸ್ತಿಗಳು ಮಾರಾಟಕ್ಕಿವೆ ಎಂದಿಟ್ಟುಕೊಳ್ಳೋಣ. ಒಂದು, ಲಿಫ್ಟ್ ಇರುವ ಹೊಸ ಫ್ಲ್ಯಾಟ್. ಇನ್ನೊಂದು, ಹದಿನೈದು ವರ್ಷದ ಹಳೆಯ, ಮೂರು ಪೋರ್ಶನ್‌ಗಳ ಸ್ವತಂತ್ರ ಮನೆ.

ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಸುಮಾರು ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 60 ಲಕ್ಷಕ್ಕೆ 4,56,000 ರೂ. ಮಾರ್ಗಸೂಚಿ ದರ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ.

ಫ್ಲ್ಯಾಟ್:
- ಕ್ರಯ 60,00,000, ಶುಲ್ಕ 4,56,000, ವಕೀಲರು ಮತ್ತು ದಲ್ಲಾಳಿ 75,000, ಫ್ಯಾನ್, ದೀಪ, ಗ್ರಿಲ್, ಕಪಾಟು 69,000. ಒಟ್ಟು ಹೂಡಿಕೆ 66 ಲಕ್ಷ.
- ಬಾಡಿಗೆ ತಿಂಗಳಿಗೆ 16,000, ವರ್ಷಕ್ಕೆ 1,92,000.
- ಒಂದು ತಿಂಗಳು ಖಾಲಿ 16,000. ಆಸ್ತಿ ತೆರಿಗೆ 6,000. ಬಣ್ಣ, ದುರಸ್ತಿ 18,000 ಕಳೆದರೆ ಉಳಿಯುವುದು 1,52,000.
- 66 ಲಕ್ಷಕ್ಕೆ ವರ್ಷಕ್ಕೆ ಶೇ. 2.3.

ಮೂರು ಪೋರ್ಶನ್ ಮನೆ:
- ಕ್ರಯ 60,00,000, ಶುಲ್ಕ 4,56,000, ವಕೀಲರು ಮತ್ತು ದಲ್ಲಾಳಿ 75,000, ತಾರಸಿ, ವೈರಿಂಗ್, ಪೈಪ್ ದುರಸ್ತಿ 2,69,000. ಒಟ್ಟು ಹೂಡಿಕೆ 68 ಲಕ್ಷ.
- ಬಾಡಿಗೆ 11,000, 8,000, 8,000, ತಿಂಗಳಿಗೆ 27,000, ವರ್ಷಕ್ಕೆ 3,24,000.
- ತಲಾ ಒಂದು ತಿಂಗಳು ಖಾಲಿ 27,000, ತೆರಿಗೆ 9,000, ದುರಸ್ತಿ 36,000, ಮೋಟರ್ ಮತ್ತು ಹೊರಗಿನ ದೀಪದ ವಿದ್ಯುತ್ 12,000 ಕಳೆದರೆ ಉಳಿಯುವುದು 2,40,000.
- 68 ಲಕ್ಷಕ್ಕೆ ವರ್ಷಕ್ಕೆ ಸುಮಾರು ಶೇ. 3.5.

ನೋಡಲು ಚೆಂದವಿದ್ದ ಫ್ಲ್ಯಾಟ್‌ಗಿಂತ ಹಳೆಯ ಮನೆ ವರ್ಷಕ್ಕೆ 88,000 ರೂ. ಹೆಚ್ಚು ಕೊಡುತ್ತದೆ. ಒಬ್ಬ ಬಾಡಿಗೆದಾರ ಬಿಟ್ಟರೂ ಇನ್ನಿಬ್ಬರ ಬಾಡಿಗೆ ನಿಲ್ಲುವುದಿಲ್ಲ. ಆದರೆ ಈ ಲಾಭ ನಿಂತಿರುವುದು ಮೊದಲ ಪರೀಕ್ಷೆಯ ಮೇಲೆ. ಆ ಮನೆಯ ಮೇಲ್ಮಹಡಿಯೇ ನಕ್ಷೆಯಲ್ಲಿ ಇಲ್ಲ ಎಂದಾದರೆ ಎರಡು ಪೋರ್ಶನ್‌ಗಳ ತಿಂಗಳ 16,000 ರೂ. ಬಾಡಿಗೆಯೇ ಅನುಮಾನಕ್ಕೆ ಬೀಳುತ್ತದೆ. ಆಗ 60 ಲಕ್ಷ ಎಂಬ ಬೆಲೆಗೆ ಅರ್ಥವಿಲ್ಲ. ಮೂರು ಮನೆಯ ದುರಸ್ತಿ, ಜಗಳ, ವಸೂಲಿ ನೋಡಿಕೊಳ್ಳಲು ಊರಿನಲ್ಲೇ ಇರುವವರು ಬೇಕು ಎಂಬುದೂ ಲೆಕ್ಕದಲ್ಲಿರಲಿ. ಮಕ್ಕಳ ಮನೆಯಲ್ಲಿ ದೂರದಲ್ಲಿರುವ ಹಿರಿಯರಿಗೆ ಕಡಿಮೆ ಬಾಡಿಗೆಯ ಫ್ಲ್ಯಾಟೇ ಸರಿಹೋಗಬಹುದು.

ಇನ್ನೊಂದು ಕಹಿ ಸತ್ಯವನ್ನು ಮುಚ್ಚಿಡಬಾರದು. ಎರಡೂ ಆಸ್ತಿಗಳ ನಿವ್ವಳ ಆದಾಯ ಬ್ಯಾಂಕಿನ ನಿಗದಿತ ಠೇವಣಿಯ ಬಡ್ಡಿಗಿಂತ ಕಡಿಮೆ. ಬಾಡಿಗೆ ವರ್ಷ ವರ್ಷ ಏರುತ್ತದೆ, ಭೂಮಿಯ ಬೆಲೆ ಬೆಳೆಯಬಹುದು ಎಂಬ ಕಾರಣಕ್ಕೆ ಜನ ಮನೆ ಕೊಳ್ಳುತ್ತಾರೆ. ಅದು ನ್ಯಾಯವಾದ ಕಾರಣವೇ. ಆದರೆ ಬೆಲೆ ಬೆಳೆಯುವುದು ನಿರೀಕ್ಷೆ, ಬಾಡಿಗೆ ನಗದು. ಔಷಧಿ ಅಂಗಡಿಯಲ್ಲಿ ನಿರೀಕ್ಷೆ ನಡೆಯುವುದಿಲ್ಲ. ಹಾಗಾಗಿ ಇರುವ ಹಣವನ್ನೆಲ್ಲ ಒಂದೇ ಮನೆಗೆ ಹಾಕದೆ, ಕನಿಷ್ಠ ಎರಡು ವರ್ಷದ ಮನೆಖರ್ಚು ಮತ್ತು ಆಸ್ಪತ್ರೆಯ ಹಣವನ್ನು ಬ್ಯಾಂಕಿನಲ್ಲಿ ಬೇರೆ ಇಟ್ಟೇ ಹೆಜ್ಜೆ ಇಡಬೇಕು.

ಸಾಲ ಮಾಡಿ ಬಾಡಿಗೆ ಮನೆ ಕೊಳ್ಳುವವರು ಇನ್ನೂ ಎಚ್ಚರ ವಹಿಸಬೇಕು. ಶೇ. 8.5ರ ಬಡ್ಡಿಗೆ 40 ಲಕ್ಷ ಸಾಲ, 20 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 34,700 ರೂ. ಮೇಲಿನ ಫ್ಲ್ಯಾಟ್‌ನ ಬಾಡಿಗೆ 16,000. ಉಳಿದ 18,700 ರೂಪಾಯಿಯನ್ನು ಪ್ರತಿ ತಿಂಗಳು ಜೇಬಿನಿಂದ ಕಟ್ಟಬೇಕು. "ಬಾಡಿಗೆಯಲ್ಲೇ ಕಂತು ತೀರುತ್ತದೆ" ಎಂಬ ಮಾತನ್ನು ಕಾಗದದ ಮೇಲೆ ಬರೆದು ನೋಡದೆ ಒಪ್ಪಬಾರದು.

ಹಣ ಕೊಡುವಾಗ, ತೆರಿಗೆ ಕಟ್ಟುವಾಗ

ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್‌ನಿಂದ ನಿಷೇಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಟ್ಟವರಿಗೂ ಲಾಭವಿಲ್ಲ. ಅರ್ಧ ಹಣ ನಗದಿನಲ್ಲಿ ಕೊಟ್ಟು ಪತ್ರದಲ್ಲಿ ಕಡಿಮೆ ಬರೆಸಿದವರು ಮುಂದೆ ಮಾರುವಾಗ ಆ ಕಡಿಮೆ ಬೆಲೆಯಿಂದಲೇ ಲಾಭದ ತೆರಿಗೆ ಕಟ್ಟಬೇಕು. ವ್ಯವಹಾರ ಮುರಿದುಬಿದ್ದರೆ ನಗದು ಕೊಟ್ಟಿದ್ದಕ್ಕೆ ಸಾಕ್ಷಿಯೂ ಇರುವುದಿಲ್ಲ.

ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರೇ ಶೇ. 1 ಟಿಡಿಎಸ್ ಹಿಡಿದು ಕಟ್ಟಬೇಕು. ಮಾರುವವರು ಅನಿವಾಸಿ ಭಾರತೀಯರಾದರೆ ಟಿಡಿಎಸ್ ದರವೂ ವಿಧಾನವೂ ಬೇರೆ. ಅಂಥ ಕಡೆ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಬೇಕು.

ಬಾಡಿಗೆ ಆದಾಯದಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ರಸೀದಿ ಇಲ್ಲದೆಯೇ ಕಳೆಯಲು ಕಾನೂನು ಅವಕಾಶ ಕೊಡುತ್ತದೆ. ಮೇಲಿನ ಮೂರು ಪೋರ್ಶನ್ ಮನೆಯಲ್ಲಿ ಕೈಗೆ ಬಂದ ಬಾಡಿಗೆ 2,97,000, ಆಸ್ತಿ ತೆರಿಗೆ ಕಳೆದು 2,88,000, ಶೇ. 30 ಅಂದರೆ 86,400 ಕಳೆದು ತೆರಿಗೆಗೆ ಒಳಪಡುವುದು 2,01,600 ಮಾತ್ರ. ಹೀಗಿರುವಾಗ ಬಾಡಿಗೆಯನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬ್ಯಾಂಕ್ ಖಾತೆಗೆ ಬಂದ ಬಾಡಿಗೆಯೇ ನಾಳೆ ಮನೆ ಮಾರುವಾಗ ಅದರ ಗುಣಮಟ್ಟಕ್ಕೆ ಸಾಕ್ಷಿ.

ಬಾಡಿಗೆದಾರರೊಂದಿಗೆ ಬರಹದ ಕರಾರು ಇರಲೇಬೇಕು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾದ್ದರಿಂದ 11 ತಿಂಗಳ ಕರಾರು ಮಾಡಿ ನವೀಕರಿಸುವುದು ವಾಡಿಕೆ. ವರ್ಷಕ್ಕೆ ಎಷ್ಟು ಏರಿಕೆ, ಬಿಡುವ ಮುನ್ನ ಎಷ್ಟು ದಿನದ ಸೂಚನೆ, ಯಾವ ದುರಸ್ತಿ ಯಾರದ್ದು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಬಾಡಿಗೆ ಐನೂರು ರೂಪಾಯಿ ಕಡಿಮೆಯಾದರೂ ಹೇಳಿದ ದಿನ ಕೊಡುವ, ಮನೆಯನ್ನು ಶುದ್ಧವಾಗಿಡುವ ಕುಟುಂಬ ಸಿಕ್ಕರೆ ಉಳಿಸಿಕೊಳ್ಳುವುದೇ ಲಾಭ. ಐನೂರರಂತೆ ವರ್ಷಕ್ಕೆ ಆರು ಸಾವಿರ. ಒಂದು ತಿಂಗಳು ಮನೆ ಖಾಲಿ ಬಿದ್ದರೆ ಹೋಗುವುದು ಅದಕ್ಕಿಂತ ಹೆಚ್ಚು.

ಅಡ್ವಾನ್ಸ್ ಕೊಡುವ ಮುನ್ನ

ಮನೆ ನೋಡಿದ ದಿನವೇ ಟೋಕನ್ ಕೊಡಬಾರದು. "ಸಂಜೆ ಇನ್ನೊಂದು ಪಾರ್ಟಿ ಬರುತ್ತಿದೆ" ಎಂದು ದಲ್ಲಾಳಿ ಅವಸರ ಮಾಡಿದರೆ ಆ ಪಾರ್ಟಿಗೇ ಬಿಟ್ಟುಕೊಡಬಹುದು. ಹದಿನೈದು ದಿನ ತೆಗೆದುಕೊಂಡು ಇಷ್ಟು ಮಾಡಬೇಕು:

- ಪತ್ರಗಳ ನಕಲನ್ನು ತಮ್ಮ ವಕೀಲರಿಗೆ ಕೊಟ್ಟು ಬರಹದಲ್ಲಿ ಅಭಿಪ್ರಾಯ ಪಡೆಯುವುದು.
- ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಸ್ಥಳಕ್ಕೆ ಹೋಗುವುದು. ಒಮ್ಮೆ ಎಂಜಿನಿಯರ್ ಜೊತೆಗಿರಲಿ.
- ಈಗಿನ ಬಾಡಿಗೆದಾರರು, ಪಕ್ಕದ ಮನೆಯವರು, ಅಂಗಡಿಯವರನ್ನು ಮಾತನಾಡಿಸುವುದು.
- ನಿವ್ವಳ ಆದಾಯದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರೆಲ್ಲರ ಮುಂದೆ ಓದುವುದು.

ಕೊನೆಯದು ಬಹಳ ಮುಖ್ಯ. ಎಷ್ಟೋ ಮನೆಗಳಲ್ಲಿ ಆಸ್ತಿಯ ವ್ಯವಹಾರವೆಲ್ಲ ಯಜಮಾನರ ತಲೆಯಲ್ಲೇ ಇರುತ್ತದೆ. ಅವರು ತೀರಿಕೊಂಡ ಮೇಲೆ ಮೂಲಪತ್ರ ಎಲ್ಲಿದೆ, ಬಾಡಿಗೆದಾರರ ಅಡ್ವಾನ್ಸ್ ಎಷ್ಟು ಎಂಬುದು ಮನೆಯಾಕೆಗೆ ಗೊತ್ತಿರುವುದಿಲ್ಲ. ಸಾಧ್ಯವಾದರೆ ಕ್ರಯಪತ್ರವನ್ನು ಇಬ್ಬರ ಹೆಸರಿನಲ್ಲಿ ಮಾಡಿಸಬೇಕು. ಮೂಲಪತ್ರ, ಇಸಿ, ಖಾತಾ, ತೆರಿಗೆ ರಸೀದಿ, ಬಾಡಿಗೆ ಕರಾರು ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟು, ಆ ಫೈಲು ಯಾವ ಕಪಾಟಿನಲ್ಲಿದೆ ಎಂದು ಮನೆಯಾಕೆಗೂ ಮಕ್ಕಳಿಗೂ ತೋರಿಸಿಡಬೇಕು.